ಕುಗ್ಗು ಪದದ ಎದುರು ಪದ ಹಿಗ್ಗೋ, ಬೆಳೆಯೋ?

ಪ್ರಶ್ನೆ: ನನ್ನ ಮಗಳು ಆರನೇ ತರಗತಿ. ಕನ್ನಡ ಪರೀಕ್ಷೆಯಲ್ಲಿ ‘ಕುಗ್ಗು’ ಪದಕ್ಕೆ ವಿರುದ್ಧಾರ್ಥಕ ಪದ ಬರೆಯಲು ಕೇಳಿದ್ದರು. ಅವಳು ‘ಬೆಳೆ’ ಎಂದು ಬರೆದಳು. ತಪ್ಪು ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಹಿಗ್ಗು’ ಎಂದು ತಿದ್ದಿದ್ದಾರೆ. ಅರ್ಧ ಅಂಕ ಹೋಯಿತು. ‘ಹಿಗ್ಗು ಅಂದ್ರೆ ಖುಷಿ ಅಲ್ವಾ ಅಮ್ಮ, ಚಿಕ್ಕದಾಗೋದಕ್ಕೂ ಖುಷಿಗೂ ಏನು ಸಂಬಂಧ?’ ಎಂದು ಕೇಳುತ್ತಾಳೆ. ನನಗೂ ಉತ್ತರ ತೋಚಲಿಲ್ಲ. ಚಿಕ್ಕದಾಗು ಎನ್ನುವ ಅರ್ಥದ ಪದಗಳಿಗೆಲ್ಲ ಸರಿಯಾದ ವಿರುದ್ಧ ಪದಗಳ ಒಂದು ಪಟ್ಟಿ ಕೊಡುತ್ತೀರಾ?

ಉತ್ತರ: ಮೊದಲು ಪರೀಕ್ಷೆಯ ಮಾತು ಮುಗಿಸಿಬಿಡುತ್ತೇನೆ. ಮುಂದೆ ಹಿಂದೆ ಏನೂ ಇಲ್ಲದೆ ಬರೀ ‘ಕುಗ್ಗು’ ಎಂದು ಕೊಟ್ಟು ಎದುರು ಪದ ಕೇಳಿದರೆ ‘ಹಿಗ್ಗು’ ಎಂದೇ ಬರೆಯಬೇಕು. ತಿದ್ದಿದವರದ್ದು ತಪ್ಪಿಲ್ಲ. ಹಾಗಂತ ನಿಮ್ಮ ಮಗಳು ಬರೆದದ್ದು ಪೂರಾ ತಪ್ಪು ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ಪಟ್ಟಿ ಮಾತ್ರ ಕೊಡುವುದಿಲ್ಲ. ಪಟ್ಟಿ ಬಾಯಿಪಾಠ ಮಾಡಿದ ಮಕ್ಕಳು ‘ಬೆಲೆ ಹಿಗ್ಗಿತು’, ‘ಹೊಳೆ ಹಿಗ್ಗಿತು’ ಎಂದೆಲ್ಲ ಬರೆದದ್ದನ್ನು ಮೂವತ್ತು ವರ್ಷ ಪಾಠ ಮಾಡಿದ ನಾನು ರಾಶಿರಾಶಿ ನೋಡಿದ್ದೇನೆ. ಪದ ಸರಿ, ಜಾಗ ತಪ್ಪು.

ಮಗಳ ಪ್ರಶ್ನೆ ನಿಜಕ್ಕೂ ಚೆನ್ನಾಗಿದೆ. ಹಿಗ್ಗು ಅಂದರೆ ಖುಷಿ, ಹೌದು. ಆದರೆ ಅಷ್ಟೇ ಅಲ್ಲ. ಕಾದ ಕಬ್ಬಿಣವೂ ಹಿಗ್ಗುತ್ತದೆ, ಎಳೆದ ರಬ್ಬರೂ ಹಿಗ್ಗುತ್ತದೆ, ಕತ್ತಲಲ್ಲಿ ಕಣ್ಣಿನ ಪಾಪೆಯೂ ಹಿಗ್ಗುತ್ತದೆ. ಇವಕ್ಕೆ ಯಾವ ಖುಷಿ? ಗಾತ್ರ ದೊಡ್ಡದಾಗುವುದು ಒಂದು ಅರ್ಥ, ಮನಸ್ಸು ಅರಳುವುದು ಇನ್ನೊಂದು ಅರ್ಥ. ಸ್ವಾರಸ್ಯ ಏನೆಂದರೆ ಎದುರಿಗಿರುವ ಕುಗ್ಗು ಕೂಡ ಇದೇ ಎರಡು ದಾರಿಯಲ್ಲಿ ನಡೆದಿದೆ. ತಣ್ಣಗಾದ ಕಬ್ಬಿಣ ಕುಗ್ಗುತ್ತದೆ, ಸೋತ ಮನುಷ್ಯನೂ ಕುಗ್ಗುತ್ತಾನೆ. ಹೊಗಳಿದರೆ ಹಿಗ್ಗದೆ ತೆಗಳಿದರೆ ಕುಗ್ಗದೆ ಇರಬೇಕು ಎಂದು ದೊಡ್ಡವರು ಬುದ್ಧಿ ಹೇಳುವಾಗ ಎರಡೂ ಪದ ಒಟ್ಟಿಗೆ ಬರುತ್ತವಲ್ಲ, ಅದೇ. ಖುಷಿಯಾದಾಗ ಎದೆ ಉಬ್ಬುತ್ತದೆ, ಬೇಜಾರಾದಾಗ ಹೆಗಲು ಇಳಿದು ಮನುಷ್ಯ ಅರ್ಧ ಆಗಿ ಕಾಣುತ್ತಾನೆ. ಮೈಯಲ್ಲಿ ಕಂಡದ್ದನ್ನೇ ಮಾತು ಮನಸ್ಸಿಗೂ ಹಚ್ಚಿದೆ. ಹಿಗ್ಗಿ ಹೀರೇಕಾಯಿ ಆದ ಅಂತೀವಲ್ಲ, ಅಲ್ಲಿ ಖುಷಿ ಮತ್ತು ಗಾತ್ರ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೇವೆ. ಹೀರೇಕಾಯಿಯೇ ಯಾಕೆ? ಪ್ರಾಸಕ್ಕೆ, ಮತ್ತೇನಕ್ಕೂ ಅಲ್ಲ ಅಂತ ನನ್ನ ಅಂದಾಜು.

ಇವೆರಡೂ ಜೋಡಿ ಪದ ಅನ್ನುವುದಕ್ಕೆ ನಾನು ಚಿಕ್ಕವನಿದ್ದಾಗ ನೋಡಿದ ಒಂದು ಕೆಲಸ ನೆನಪಾಗುತ್ತದೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಸುತ್ತಲೂ ಕಬ್ಬಿಣದ ಪಟ್ಟಿ ಕೂರಿಸುವುದು. ಪಟ್ಟಿಯನ್ನು ಬೇಕೆಂದೇ ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿ ಬಳೆಯ ಹಾಗೆ ಮಾಡುತ್ತಿದ್ದರು. ಸುತ್ತ ಬೆರಣಿ ಜೋಡಿಸಿ ಬೆಂಕಿ ಹಾಕಿ, ಕೆಂಪಗೆ ಕಾಯಿಸುತ್ತಿದ್ದರು. ಕಾದ ಪಟ್ಟಿ ಹಿಗ್ಗುತ್ತಿತ್ತು. ನಾಲ್ಕು ಅಡಿ ಅಗಲದ ಚಕ್ರವಾದರೆ, ಬಿಸಿ 500 ಡಿಗ್ರಿ ಏರಿದಾಗ ಪಟ್ಟಿಯ ಸುತ್ತಳತೆ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಅಷ್ಟು ಸಾಕು. ಇಬ್ಬರು ಮೂವರು ಇಕ್ಕಳದಲ್ಲಿ ಹಿಡಿದೆತ್ತಿ ಚಕ್ರದ ಮೇಲೆ ಇಟ್ಟು, ನಾಲ್ಕು ಏಟು ಹೊಡೆದು, ತಕ್ಷಣ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಚುಸ್ ಅಂತ ಹಬೆ. ಪಟ್ಟಿ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಮೊಳೆಗೂ ಬರದ ಬಿಗಿ ಆ ಕುಗ್ಗುವಿಕೆಗೆ ಬರುತ್ತಿತ್ತು.

ಈ ಪಟ್ಟಿಯನ್ನು ಗಮನಿಸಿ. ಅದು ಹಿಗ್ಗಿತು, ಮತ್ತೆ ಕುಗ್ಗಿತು. ಮತ್ತೆ ಕಾಯಿಸಿದರೆ ಮತ್ತೆ ಹಿಗ್ಗುತ್ತದೆ. ಹಿಗ್ಗು–ಕುಗ್ಗು ಜೋಡಿಯ ಗುಣವೇ ಇದು: ಹೋಗಿ ಬರುವ ದಾರಿ. ಉಸಿರಾಡುವಾಗ ಎದೆಗೂಡು, ಬಡಿಯುವಾಗ ಹೃದಯ, ಬಿಸಿಲು ನೆರಳಿಗೆ ರೈಲು ಹಳಿ, ಎಲ್ಲ ಹೀಗೇ. ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಹಳಿಯನ್ನು ತಡೆಯದೆ ಬಿಟ್ಟರೆ 30 ಡಿಗ್ರಿ ಬಿಸಿಗೆ 36 ಸೆಂಟಿಮೀಟರಿನಷ್ಟು ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ.

ಬೆಳೆ ಹಾಗಲ್ಲ. ಸಸಿ ಬೆಳೆಯುತ್ತದೆ, ಆಮೇಲೆ ಬಲಿಯುತ್ತದೆ, ಮಾಗುತ್ತದೆ, ಒಣಗುತ್ತದೆ. ತಿರುಗಿ ಸಸಿಯಾಗುವುದಿಲ್ಲ. ನಿಮ್ಮ ಮಗಳು ಕಳೆದ ವರ್ಷಕ್ಕಿಂತ ಎರಡು ಇಂಚು ಬೆಳೆದಿರಬಹುದು. ಮುಂದಿನ ವರ್ಷ ಎರಡು ಇಂಚು ಕುಗ್ಗಲಾರಳು. ಬೆಳೆಯುವುದು ಒಮ್ಮುಖದ ದಾರಿ. ಆದ್ದರಿಂದ ಕುಗ್ಗು ಪದದ ಎದುರಿಗೆ ಬೆಳೆ ಎಂದು ಇಟ್ಟರೆ ಕಿವಿಗೆ ಸ್ವಲ್ಪ ಕಿರಿಕಿರಿ.

ಎದುರು ಪದ ಹುಡುಕುವಾಗ ನಾನು ಮಾಡುವ ಪರೀಕ್ಷೆ ಇದೇ. ಏನು ಚಿಕ್ಕದಾಯಿತು ಎಂದು ಮೊದಲು ಕೇಳಿಕೊಳ್ಳುತ್ತೇನೆ. ಆ ವಸ್ತು ಮೊದಲಿದ್ದ ಹಾಗೆ ಆಗಬೇಕಾದರೆ ಏನು ಮಾಡಬೇಕು? ಜನ ಅದಕ್ಕೆ ಯಾವ ಕ್ರಿಯಾಪದ ಬಳಸುತ್ತಾರೋ ಅದೇ ಎದುರು ಪದ. ಪದವನ್ನು ಒಂಟಿಯಾಗಿ ನಿಲ್ಲಿಸಿ ಕೇಳಿದರೆ ಉತ್ತರ ಒಂದು. ವಾಕ್ಯದಲ್ಲಿ ಇಟ್ಟು ಕೇಳಿದರೆ ಹತ್ತು.

ಕುಗ್ಗು ಪದವನ್ನೇ ತೆಗೆದುಕೊಳ್ಳಿ. ಆದಾಯ ಕುಗ್ಗಿತು ಅಂತೀವಿ. ಆದಾಯ ಹಿಗ್ಗಿತು ಅಂತೀವಾ? ಇಲ್ಲ, ಆದಾಯ ಹೆಚ್ಚಿತು. ದನಿ ಕುಗ್ಗಿತು, ಆದರೆ ದನಿ ಏರಿತು. ಕಾಡು ಕುಗ್ಗಿತು, ಆದರೆ ಕಾಡು ಹಬ್ಬಿತು. ಉತ್ಸಾಹ ಕುಗ್ಗಿತು, ಆದರೆ ಉತ್ಸಾಹ ಉಕ್ಕಿತು. ಇಷ್ಟು ಕಡೆ ಕೈ ಚಾಚಿರುವ ಕುಗ್ಗು ಪದದ ಎದುರಿಗೆ ಹಿಗ್ಗು ಪಾಪ ಒಂದೆರಡು ಕೋಣೆಯಲ್ಲಷ್ಟೇ ಓಡಾಡಿಕೊಂಡಿದೆ: ವಸ್ತುವಿನ ಗಾತ್ರ ಮತ್ತು ಮನುಷ್ಯನ ಮನಸ್ಸು. ಇವನ್ನು ಸರಿಸಮ ಜೋಡಿ ಎಂದು ಪುಸ್ತಕಗಳು ಹೇಳುವುದು ಅರ್ಧ ಸತ್ಯ. ಗಂಡ ಊರೂರು ತಿರುಗುತ್ತಾನೆ, ಹೆಂಡತಿ ಮನೆಬಿಟ್ಟು ಕದಲುವುದಿಲ್ಲ ಅನ್ನೋ ಹಾಗಿದೆ ಈ ಸಂಸಾರ.

ಈಗ ನಿಮ್ಮ ಮಗಳ ಪರ ವಕಾಲತ್ತು. ಅವಳಿಗೆ ನೆರಳು ತೋರಿಸಿ. ಬೆಳಗ್ಗೆ ಎಂಟಕ್ಕೆ ಅಂಗಳದಲ್ಲಿ ಒಂದು ಕೋಲು ನೆಡಿ. ನೆರಳು ಕೋಲಿಗಿಂತ ಉದ್ದ ಇರುತ್ತದೆ. ಹೊತ್ತೇರಿದ ಹಾಗೆ ನೆರಳು ಕುಗ್ಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ನೆರಳು ಏನು ಮಾಡುತ್ತದೆ? ಹಿಗ್ಗುವುದಿಲ್ಲ. ಬೆಳೆಯುತ್ತದೆ! ‘ನೆರಳು ಬೆಳೆಯಿತು, ಮನೆಗೆ ಹೊರಡು’ ಅನ್ನುವುದು ಸಹಜ ಕನ್ನಡ. ಇಲ್ಲಿ ಕುಗ್ಗು ಪದದ ಎದುರು ಪದ ಖಂಡಿತವಾಗಿ ಬೆಳೆ. ಬೆಂಗಳೂರಿನಲ್ಲಿದ್ದರೆ ಏಪ್ರಿಲ್ 24–25ರ ಹೊತ್ತಿಗೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ ನೋಡಿ. ಮಧ್ಯಾಹ್ನ ಹನ್ನೆರಡು ಕಾಲರ ಆಚೀಚೆ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ನೆಟ್ಟ ಕೋಲಿನ ನೆರಳು ಕುಗ್ಗಿ ಕುಗ್ಗಿ ಕೋಲಿನ ಬುಡದಲ್ಲೇ ಮಾಯ. ಶೂನ್ಯ ನೆರಳಿನ ದಿನ ಅಂತ ಅದಕ್ಕೆ ಹೆಸರು. ಕೆಲವು ನಿಮಿಷ ಅಷ್ಟೇ, ಆಮೇಲೆ ಮತ್ತೆ ಬೆಳೆಯಲು ಶುರು.

ಹಗಲೂ ಹೀಗೇ. ಡಿಸೆಂಬರ್ 21–22ರವರೆಗೆ ಹಗಲು ಕುಗ್ಗುತ್ತಾ ಬರುತ್ತದೆ. ಅಲ್ಲಿಂದ ಹಗಲು ಬೆಳೆಯುತ್ತದೆ. ಚಂದ್ರನೂ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಬೆಳೆಯುತ್ತಾನೆ, ಆಮೇಲೆ ಕರಗುತ್ತಾ ಹೋಗುತ್ತಾನೆ. ಅಲ್ಲಾ ಸ್ವಾಮಿ, ಬೆಳೆಯುವುದು ಒಮ್ಮುಖದ ದಾರಿ ಅಂತ ಈಗಷ್ಟೇ ಹೇಳಿದಿರಲ್ಲ ಎಂದು ನೀವು ಕೇಳಬಹುದು. ಜೀವ ಇರುವುದಕ್ಕೆ ಒಮ್ಮುಖ. ನೆರಳು, ಹಗಲು, ಚಂದ್ರ, ಇವು ಪ್ರತಿ ಸಲ ಹೊಸದಾಗಿ ಹುಟ್ಟಿ ಬೆಳೆಯುವ ಹಾಗೆ ನಮ್ಮವರು ಕಂಡರು. ಅದಕ್ಕೇ ಅವಕ್ಕೂ ಬೆಳೆ ಎಂದೇ ಕೂಡಿಸಿದರು.

ಅಡುಗೆಮನೆಗೆ ಬನ್ನಿ. ದೊಡ್ಡದಾಗುವುದಕ್ಕೆ ಕನ್ನಡದಲ್ಲಿ ಎಷ್ಟು ಪದ ಇದೆ ಅಂತ ತಿಳಿಯಬೇಕಾದರೆ ನಿಘಂಟಿಗಿಂತ ಒಲೆಯ ಮುಂದೆ ನಿಲ್ಲುವುದು ಒಳ್ಳೆಯದು. ಹಾಲು ಉಕ್ಕುತ್ತದೆ. ಪೂರಿ ಉಬ್ಬುತ್ತದೆ. ರಾತ್ರಿ ನೆನೆಹಾಕಿದ ಕಡಲೆಕಾಳು ನೆನೆದು ಉಬ್ಬುತ್ತದೆ. ಎಣ್ಣೆಗೆ ಹಾಕಿದ ಹಪ್ಪಳ ಅರಳುತ್ತದೆ. ಭತ್ತ ಹುರಿದರೆ ಅರಳಿ ಅರಳು ಆಗುತ್ತದೆ; ಕ್ರಿಯೆಯ ಹೆಸರೇ ತಿನ್ನುವ ವಸ್ತುವಿನ ಹೆಸರೂ ಆಯಿತು. ಅಕ್ಕಿಗೆ ಮಾತ್ರ ಒಂದು ವಿಶೇಷ ಪದ ಇದೆ: ಒದಗು. ‘ಹಳೇ ಅಕ್ಕಿ, ಚೆನ್ನಾಗಿ ಒದಗುತ್ತೆ, ಅರ್ಧ ಪಾವು ಕಮ್ಮಿ ಹಾಕು’ ಅನ್ನೋ ಮಾತು ನೀವು ಕೇಳಿರಬೇಕು. ಹೊಸ ಅಕ್ಕಿಗಿಂತ ಹಳೆಯ ಅಕ್ಕಿ ಜಾಸ್ತಿ ನೀರು ಕುಡಿದು ಜಾಸ್ತಿ ಅನ್ನ ಕೊಡುತ್ತದೆ. ಬರೀ ಗಾತ್ರದ ಮಾತಲ್ಲ ಇದು. ಹತ್ತು ಜನಕ್ಕೆ ಸಾಕಾಗುವಷ್ಟು ಬಂತು ಎನ್ನುವ ಸಮಾಧಾನವೂ ಆ ಪದದಲ್ಲಿದೆ. ನನಗೆ ಅಚ್ಚುಮೆಚ್ಚಿನ ಪದ.

ಇವಕ್ಕೆ ಎದುರು ಪದ ಹುಡುಕಿ ನೋಡಿ, ಮಜಾ ಇದೆ. ಉಕ್ಕಿದ ಹಾಲಿಗೆ ನೀರು ಚಿಮುಕಿಸಿದರೆ ಇಳಿಯುತ್ತದೆ. ಉಕ್ಕು ಪದದ ಎದುರು ಇಳಿ. ಅರಳಿದ ಹೂವು ಬಾಡುತ್ತದೆ, ಇಲ್ಲವೇ ಮುದುಡುತ್ತದೆ. ಅರಳು ಪದದ ಎದುರು ಬಾಡು ಅಥವಾ ಮುದುಡು. ಆದರೆ ಅರಳಿದ ಹಪ್ಪಳ? ಅದು ಬಾಡುವುದೂ ಇಲ್ಲ, ಮುದುಡುವುದೂ ಇಲ್ಲ. ಹೆಚ್ಚೆಂದರೆ ಮೆತ್ತಗಾಗುತ್ತದೆ. ಅಕ್ಕಿ ಒದಗಲಿಲ್ಲ ಅನ್ನಬಹುದು, ಅದಕ್ಕಿಂತ ಬೇರೆ ಎದುರು ಪದ ಇಲ್ಲ. ಇನ್ನು ಸೊಪ್ಪು. ಬಾಣಲೆ ತುಂಬ ಹಾಕಿದ ಪಾಲಕ್ ಬೆಂದು ಹಿಡಿಯಷ್ಟಾಗುತ್ತದೆ. ಸೊಪ್ಪು ಕುಗ್ಗುತ್ತದೆ, ಸರಿ. ಅದನ್ನು ಯಾವ ದೇವರೂ ಮತ್ತೆ ಹಿಗ್ಗಿಸಲಾರ.

ಹೀಗೆ ಎದುರು ಪದವೇ ಇಲ್ಲದ ಪದಗಳೂ ಇವೆ. ಸವೆ ಅನ್ನುವುದು ಅಂಥ ಪದ. ಚಪ್ಪಲಿ ಸವೆಯುತ್ತದೆ, ಕಲ್ಲಿನ ಮೆಟ್ಟಿಲು ಸವೆಯುತ್ತದೆ. ಎರಡೂ ತಿರುಗಿ ಮೊದಲಿನಂತೆ ಆಗುವುದಿಲ್ಲ. ಅಂದಮೇಲೆ ಅದಕ್ಕೆ ಕ್ರಿಯಾಪದ ಯಾಕೆ ಬೇಕು? ಭಾಷೆ ಇಲ್ಲದ ಕೆಲಸಕ್ಕೆ ಪದ ಹುಟ್ಟಿಸುವುದಿಲ್ಲ. ಇಂಥ ಪದವನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟು ಎದುರು ಪದ ಕೇಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಬಟ್ಟೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಗೆದ ಮೇಲೆ ಬಟ್ಟೆ ಕುಗ್ಗಿತು. ಎಲಾಸ್ಟಿಕ್ ಹಿಗ್ಗಿತು, ಸ್ವೆಟರ್ ಹಿಗ್ಗಿತು. ಇಲ್ಲಿ ಪುಸ್ತಕದ ಜೋಡಿ ಸರಿಯಾಗಿ ಕೂರುತ್ತದೆ. ಆದರೆ ಹಾಕಿಕೊಂಡವರ ಲೆಕ್ಕದಲ್ಲಿ ಅದು ಬಿಗಿ ಮತ್ತು ಸಡಿಲ.

ನೀರಿನ ವಿಷಯ ಹಾಗೆ ಮುಗಿಯುವುದಿಲ್ಲ. ನಮ್ಮದು ಕೆರೆ, ಹೊಳೆ, ಕಡಲು ಎಲ್ಲ ಇರುವ ನಾಡು. ಒಂದೊಂದಕ್ಕೂ ಬೇರೆ ಪದ. ಕೆರೆ ಬತ್ತುತ್ತದೆ, ಕೆರೆ ತುಂಬುತ್ತದೆ. ತುಂಬಿ ಹೆಚ್ಚಾದ ನೀರು ಹರಿದರೆ ಕೆರೆ ಕೋಡಿ ಬಿತ್ತು ಅಂತೀವಿ. ಗಮನಿಸಿದಿರಾ? ನೀರು ಮೇಲೆ ಏರಿದ್ದಕ್ಕೆ ‘ಬಿತ್ತು’ ಅನ್ನುತ್ತೇವೆ. ಹೊಳೆ ಮಾತ್ರ ತುಂಬುವುದಕ್ಕಿಂತ ಜಾಸ್ತಿ ಏರುತ್ತದೆ, ಇಳಿಯುತ್ತದೆ. ಅಣೆಕಟ್ಟಿನ ಲೆಕ್ಕಕ್ಕೂ ಏರಿಕೆ ಇಳಿಕೆಯೇ. ಕೃಷ್ಣರಾಜಸಾಗರದ ನೀರಿನ ಮಟ್ಟ 124.80 ಅಡಿ ಮುಟ್ಟಿತೇ ಎಂದು ಮಂಡ್ಯ, ಮೈಸೂರು ಕಡೆಯವರು ಮಳೆಗಾಲದಲ್ಲಿ ದಿನಾ ಪೇಪರ್ ನೋಡುತ್ತಾರಲ್ಲ, ಅಲ್ಲಿ ‘ಮಟ್ಟ ಹಿಗ್ಗಿತು’ ಅಂತ ಯಾರಾದರೂ ಬರೆದರೆ ನಗುತ್ತಾರೆ. ಕರಾವಳಿಗೆ ಹೋದರೆ ಉಬ್ಬರ ಮತ್ತು ಇಳಿತ. ಉಬ್ಬು ಪದ ಅಲ್ಲಿ ಕಡಲಿಗೆ ಸೇರಿದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಕಡಲಿನ ಎದೆಯೂ ನಮ್ಮ ಹಾಗೆ ಉಬ್ಬಿ ಇಳಿಯುತ್ತದೆ ಅಂತ ದೋಣಿಯವರು ಕಂಡುಕೊಂಡಿರಬೇಕು. ಮಳೆ ನೀರು ನೆಲಕ್ಕೆ ಇಂಗುತ್ತದೆ. ಇಂಗಿದ ನೀರು ಮತ್ತೆ ಬಾವಿಯಲ್ಲಿ ಒಸರುತ್ತದೆ. ಇಂಗು, ಒಸರು. ಎಷ್ಟು ಸೊಗಸಾದ ಜೋಡಿ! ಯಾವ ಶಾಲೆಯ ಪಟ್ಟಿಯಲ್ಲೂ ನಾನು ಇದನ್ನು ಕಂಡಿಲ್ಲ.

ನೀರಿನ ಇನ್ನೊಂದು ತಂಟೆ ಮಗಳಿಗೆ ಹೇಳಿ. ತಣ್ಣಗಾದರೆ ಎಲ್ಲ ಕುಗ್ಗುತ್ತವೆ ಅಂತ ವಿಜ್ಞಾನದ ಪಾಠದಲ್ಲಿ ಓದಿರುತ್ತಾಳೆ. ನೀರು ಮಾತ್ರ ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿ ತುಂಬಿಟ್ಟ ಗಾಜಿನ ಬಾಟಲಿ ಒಡೆಯುವುದು ಅದಕ್ಕೇ.

ದುಡ್ಡಿನ ಮಾತಿಗೆ ಏರು ಮತ್ತು ಇಳಿ. ಚಿನ್ನದ ಬೆಲೆ ಏರಿತು, ಇಳಿಯಿತು. ಮೇಲೂ ಹೋಗದೆ ಕೆಳಗೂ ಬಾರದೆ ನಿಂತವನಿಗೆ ‘ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ’ ಅಂತೀವಿ. ಆದರೆ ಇಳಿಯುವುದು ಬೇರೆ, ಕುಸಿಯುವುದು ಬೇರೆ. ಇಳಿಯುವುದು ಮೆಟ್ಟಿಲ ಮೇಲೆ, ಕುಸಿಯುವುದು ಹಳೇ ಗೋಡೆಯ ಹಾಗೆ. ಟೊಮೆಟೊ ಬೆಲೆ ಒಂದೇ ವಾರದಲ್ಲಿ ನೆಲ ಕಚ್ಚಿದರೆ ಅದು ಕುಸಿತ. ಅದರ ಎದುರಿಗೆ ಸುಮ್ನೆ ಏರಿಕೆ ಅಂತ ಹಾಕಿದರೆ ಸಾಲದು. ಜಿಗಿತ ಅನ್ನಬೇಕು. ವೇಗಕ್ಕೆ ವೇಗ, ನಿಧಾನಕ್ಕೆ ನಿಧಾನ. ಕುಸಿದು ಬಿದ್ದ ಮೇಲೆ ನಿಧಾನವಾಗಿ ಮೇಲೆದ್ದರೆ ಚೇತರಿಕೆ. ಸಾಲ ಬೆಳೆಯುತ್ತದೆ, ಆದರೆ ಕುಗ್ಗುವುದಿಲ್ಲ. ಸಾಲ ತೀರುತ್ತದೆ. ತೀರಿದರೆ ಪುಣ್ಯ.

ಮೈಯ ವಿಷಯದಲ್ಲಿ ಸಣ್ಣ ಅನ್ನುವ ಪದವೇ ತಕರಾರು. ಸಣ್ಣ ಮನೆ, ದೊಡ್ಡ ಮನೆ. ಆದರೆ ‘ಯಾಕೋ ಸಣ್ಣ ಆಗಿದೀಯಲ್ಲೋ’ ಅಂದರೆ ಅದರ ಎದುರು ದಪ್ಪ. ‘ದೊಡ್ಡವನಾಗಿದೀಯ’ ಅಂದರೆ ಅದು ವಯಸ್ಸಿನ ಮಾತು. ಹೆಣ್ಣುಮಕ್ಕಳಿಗೆ ‘ದೊಡ್ಡವಳಾದಳು’ ಅಂದರೆ ಅರ್ಥವೇ ಬೇರೆ ಅಂತ ನಿಮಗೆ ಗೊತ್ತು. ಸೊರಗಿದವರು ಚೇತರಿಸಿಕೊಂಡರೆ ಮೈಕೈ ತುಂಬಿಕೊಂಡರು ಅಂತೀವಿ. ಅದು ಪ್ರೀತಿಯ ಮಾತು. ಅದೇ ಕೊಬ್ಬಿದರು ಅಂದರೆ ಬೈಗುಳ. ದೊಡ್ಡದಾಗುವುದಕ್ಕೆ ಹೊಗಳಿಕೆ ಒಂದು ಪದ, ತೆಗಳಿಕೆ ಒಂದು ಪದ. ಬೀಗು, ಉಬ್ಬು ಇವೂ ಹಾಗೇ. ಯಾರನ್ನಾದರೂ ಉಬ್ಬಿಸಿದರೆ ಅವರು ನಿಜಕ್ಕೂ ದೊಡ್ಡವರಾಗುವುದಿಲ್ಲ, ನಮ್ಮ ಕೆಲಸ ಆಗುತ್ತದೆ ಅಷ್ಟೇ.

ಊರಿಗೆ ಬೇರೆಯೇ ಜೋಡಿ. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿಕೊಂಡು ಬೆಂಗಳೂರು ಬೃಹತ್ ಆಯಿತು. ಊರು ಬೆಳೆಯಿತು, ಹಬ್ಬಿತು, ಕೈಕಾಲು ಚಾಚಿತು, ಯಾವುದನ್ನಾದರೂ ಅನ್ನಿ. ಇದಕ್ಕೆ ಎದುರಾಗಿ ಊರು ಕುಗ್ಗಿತು ಅಂತ ಯಾರೂ ಹೇಳುವುದಿಲ್ಲ. 1565ರ ಯುದ್ಧ ಕಳೆದ ಮೇಲೆ ವಿಜಯನಗರ ಕುಗ್ಗಲಿಲ್ಲ, ಹಾಳು ಬಿತ್ತು. ಹಾಳು ಹಂಪೆ ಅಂತಲೇ ಜನರ ಬಾಯಲ್ಲಿ ಉಳಿಯಿತು.

ಸಂಸ್ಕೃತದಿಂದ ಬಂದ ಜೋಡಿಗಳು ಪರೀಕ್ಷೆಗೆ ಬರುತ್ತವೆ, ಅವನ್ನೂ ನೋಡಿಬಿಡೋಣ. ವೃದ್ಧಿಗೆ ಕ್ಷಯ, ವಿಸ್ತಾರಕ್ಕೆ ಸಂಕ್ಷೇಪ, ಉನ್ನತಿಗೆ ಅವನತಿ, ವಿಕಾಸಕ್ಕೆ ಸಂಕೋಚ. ಇವು ನೀಟಾಗಿ ಕೂರುತ್ತವೆ, ಕಲಿಯಲು ಸುಲಭ. ಆದರೆ ಕನ್ನಡಕ್ಕೆ ಬಂದ ಮೇಲೆ ಇವೂ ಸ್ವಲ್ಪ ಕೆಟ್ಟಿವೆ, ಅಥವಾ ಒಳ್ಳೆಯದಾಗಿವೆ ಅನ್ನಿ. ಸಂಕೋಚ ಅಂದರೆ ಮೂಲದಲ್ಲಿ ಕುಗ್ಗುವುದು. ನಮ್ಮಲ್ಲಿ ಅದು ನಾಚಿಕೆ, ಹಿಂಜರಿಕೆ. ‘ಸಂಕೋಚ ಬೇಡ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ’ ಎಂದಾಗ ವಿಕಾಸ ಆಗಿ ಅಂತ ಅರ್ಥವಲ್ಲ, ಹಾಗೆ ಆಗುವುದು ಬೇರೆ ವಿಷಯ. ಕ್ಷಯ ಅಂದರೆ ಸವೆಯುವುದು. ಮೈ ಸವೆಸುವ ಕಾಯಿಲೆಗೆ ಅದೇ ಹೆಸರಾಯಿತು. ಪಂಚಾಂಗದಲ್ಲಿ ಮಾತ್ರ ಈ ಜೋಡಿ ಹಳೆಯ ಅರ್ಥದಲ್ಲೇ ಉಳಿದಿದೆ. ಒಂದು ತಿಥಿ ಎರಡು ಸೂರ್ಯೋದಯ ಮುಟ್ಟಿದರೆ ತಿಥಿ ವೃದ್ಧಿ, ಒಂದು ಸೂರ್ಯೋದಯವನ್ನೂ ಮುಟ್ಟದೆ ಜಾರಿದರೆ ತಿಥಿ ಕ್ಷಯ. ವೃದ್ಧಿ, ವೃದ್ಧ ಎರಡೂ ಒಂದೇ ಧಾತುವಿನಿಂದ ಬಂದವು. ವೃದ್ಧ ಅಂದರೆ ಬೆಳೆದವನು. ವಯಸ್ಸಾದ ಮೇಲೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ ತೆಳುವಾಗಿ ಎತ್ತರ ಕಡಿಮೆಯಾಗುತ್ತದೆ. ಹೆಸರು ಬೆಳೆದವನು, ಅಳತೆಯಲ್ಲಿ ಕುಗ್ಗಿದವನು. ನನ್ನದೇ ಪ್ಯಾಂಟು ಈಗ ನೆಲ ಗುಡಿಸುತ್ತಿದೆ.

ಪರೀಕ್ಷೆಗೆ ಬೇಕಾಗುವ ಒಂದು ವ್ಯಾಕರಣದ ಮಾತು. ಪ್ರಶ್ನೆಯಲ್ಲಿ ಕುಗ್ಗು ಇದ್ದರೆ ಉತ್ತರ ಹಿಗ್ಗು. ಕುಗ್ಗಿಸು ಇದ್ದರೆ ಹಿಗ್ಗಿಸು. ತಾನಾಗಿ ಆಗುವುದಕ್ಕೆ ಒಂದು ರೂಪ, ನಾವು ಮಾಡುವುದಕ್ಕೆ ಇನ್ನೊಂದು. ಇಳಿಕೆ ಕೇಳಿದರೆ ಏರಿಕೆ, ಇಳಿಸು ಕೇಳಿದರೆ ಏರಿಸು. ಮಕ್ಕಳು ಪದ ಸರಿ ಬರೆದು ರೂಪದಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಇನ್ನು ಹೆಚ್ಚು. ಕಡಿಮೆ ಪದಕ್ಕೆ ಎದುರು ಪದ ಇದೇ ತಾನೆ? ಹೌದು. ಹಳೆಗನ್ನಡದಲ್ಲಿ ಇದು ಪೆರ್ಚು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪೆರ್ಚು ಹೆಚ್ಚಾಯಿತು. ಜಾಸ್ತಿ ಮತ್ತು ಕಮ್ಮಿ ಆಮೇಲೆ ಫಾರ್ಸಿ, ಉರ್ದು ಕಡೆಯಿಂದ ಬಂದು ಪಕ್ಕದಲ್ಲೇ ಕೂತವು, ಈಗ ಅವೂ ಮನೆಯವೇ. ಆದರೆ ಹೆಚ್ಚು ಕಡಿಮೆ ಎರಡನ್ನೂ ಒಟ್ಟಿಗೆ ಇಟ್ಟರೆ ಎದುರು ಬದುರು ಅನ್ನುವುದು ಮರೆತೇ ಹೋಗುತ್ತದೆ. ‘ಹೆಚ್ಚು ಕಡಿಮೆ ಐವತ್ತು ಜನ’ ಅಂದರೆ ಸುಮಾರು ಐವತ್ತು. ‘ಏನಾದರೂ ಹೆಚ್ಚು ಕಡಿಮೆ ಆದರೆ’ ಅಂದರೆ ಅನಾಹುತ. ತರಕಾರಿ ಹೆಚ್ಚು ಅಂದರೆ ಚಿಕ್ಕ ಚಿಕ್ಕ ಹೋಳು ಮಾಡು. ಚಿಕ್ಕದು ಮಾಡುವುದಕ್ಕೂ ಹೆಚ್ಚು!

ಇದಕ್ಕಿಂತ ದೊಡ್ಡ ವಿಚಿತ್ರ ನಮ್ಮ ಅಜ್ಜಿಯ ಬಾಯಲ್ಲಿತ್ತು. ಮನೆಯಲ್ಲಿ ಅಕ್ಕಿ ಮುಗಿದರೆ ಖಾಲಿ ಆಯ್ತು ಅನ್ನುವ ಹಾಗಿಲ್ಲ. ಇಲ್ಲ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ‘ಅಕ್ಕಿ ಹೆಚ್ಚಿದೆ ಕಣೋ, ಅಂಗಡಿಗೆ ಹೋಗಿ ಬಾ’ ಅನ್ನುತ್ತಿದ್ದಳು. ಕುಂಕುಮ ಮುಗಿದರೂ ಹೆಚ್ಚಿದೆ. ದೀಪ ಆರಿಸು ಅಂದರೆ ಅಪಶಕುನ, ‘ದೀಪ ದೊಡ್ಡದು ಮಾಡು’ ಅನ್ನಬೇಕು. ಮೊದಲ ಸಲ ಹಾಗೆ ಕೇಳಿದಾಗ ನಾನು ಬತ್ತಿ ಮೇಲೆ ಮಾಡಿ ಬೈಸಿಕೊಂಡಿದ್ದೆ. ಹೊರಡುವಾಗ ಹೋಗ್ತೀನಿ ಅನ್ನದೆ ಬರ್ತೀನಿ ಅನ್ನುತ್ತೇವಲ್ಲ, ಅದೇ ಜಾತಿಯ ಮಾತು ಇದು. ಕಡಿಮೆಯಾದದ್ದನ್ನು ಕಡಿಮೆಯಾಯಿತು ಎನ್ನಲು ಬಾಯಿ ಬಾರದೆ ಅದರ ಎದುರು ಪದವನ್ನೇ ಕರೆದು ಕೂರಿಸಿದ್ದಾರೆ. ಇಂಥ ಮನೆಗಳಲ್ಲಿ ಮುಗಿ ಪದಕ್ಕೂ ಹೆಚ್ಚು ಪದಕ್ಕೂ ಒಂದೇ ಅರ್ಥ. ವಿರುದ್ಧಾರ್ಥಕ ಪದ ಬರೆಯಿರಿ ಅಂತ ಅಜ್ಜಿಗೆ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಸೊನ್ನೆ ಬರುತ್ತಿತ್ತು.

ಮತ್ತೆ ಅರ್ಧ ಅಂಕಕ್ಕೆ ಬರೋಣ. ಜಗಳ ಆಡಲು ಹೋಗಬೇಡಿ. ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಒಂದೇ ಪದದ ಮಾದರಿ ಉತ್ತರ ಇರುತ್ತದೆ, ನೂರಾರು ಪತ್ರಿಕೆ ಎದುರಿಗಿರುತ್ತದೆ. ನಾನೂ ಎಷ್ಟು ‘ಬೆಳೆ’ಗಳಿಗೆ ತಪ್ಪು ಹಾಕಿದ್ದೇನೋ. ಮಗಳಿಗೆ ಎರಡು ವಾಕ್ಯ ಬರೆಯಲು ಹೇಳಿ: ‘ಮಧ್ಯಾಹ್ನದವರೆಗೆ ನೆರಳು ಕುಗ್ಗಿತು. ಸಂಜೆಗೆ ನೆರಳು ಬೆಳೆಯಿತು.’ ಅದನ್ನು ತೆಗೆದುಕೊಂಡು ಹೋಗಿ ತರಗತಿಯಲ್ಲಿ ತೋರಿಸಲಿ. ಅಂಕ ಕೊಟ್ಟರೆ ಸರಿ. ಕೊಡದಿದ್ದರೆ ಮುಂದಿನ ಸಲ ಒಂಟಿ ಪದ ಬಂದಾಗ ಸುಮ್ನೆ ಹಿಗ್ಗು ಅಂತ ಬರೆಯಲಿ, ಸಂಜೆ ಮನೆಗೆ ಬಂದು ಅಂಗಳದಲ್ಲಿ ಕೋಲು ನೆಡಲಿ.